ಮುತ್ತಜ್ಜ ಕಾಣೆಯಾದ ಬೆಳಿಗ್ಗೆ

ಆಮೆಯ ಅಂಗಳಕ್ಕೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗೆ ಆಮೆ ಇರಲಿಲ್ಲ.

ಹಳೆಯ ಮೃಗಾಲಯ ಮುಚ್ಚುತ್ತಿತ್ತು. ಹುಲಿ, ಕರಡಿ, ಜಿಂಕೆಗಳೆಲ್ಲ ಊರಾಚೆಯ ಹೊಸ ಉದ್ಯಾನಕ್ಕೆ ಹೋಗಿಯಾಗಿತ್ತು. ಉಳಿದವನು ಮುತ್ತಜ್ಜನೊಬ್ಬನೇ. ಮೃಗಾಲಯ ತೆರೆದ ವರ್ಷ ಹಡಗಿನಿಂದಿಳಿದು ಬಂದ ದೈತ್ಯ ಆಮೆ. ಅವನನ್ನು ಒಯ್ಯಲು ಬಂದ ಲಾರಿ ಗೇಟಿನ ಬಳಿ ಕಾಯುತ್ತಿತ್ತು.

"ಬಾಗಿಲು ಒಂದೇ, ಕೀಲಿ ಒಂದೇ. ಅದು ಇರೋದು ಇವನ ಸೊಂಟದಲ್ಲಿ," ಎಂದು ಈಚೆಗೆ ಬಂದ ಮೇಲ್ವಿಚಾರಕ ಇನ್‌ಸ್ಪೆಕ್ಟರ್‌ಗೆ ಹೇಳಿದ. "ಬೇಲಿಯೇ ಎದ್ದು ಹೊಲ ಮೇಯ್ದಿದೆ ಮೇಡಂ."

ಆಮೆಯ ಪಾಲಕ ತಲೆ ತಗ್ಗಿಸಿದ. ಮುತ್ತಜ್ಜನ ಜೊತೆ ಹೊಸ ಜಾಗಕ್ಕೆ ಹೊರಡಲು ಗಂಟುಮೂಟೆ ಕಟ್ಟಿಕೊಂಡು ಬಂದಿದ್ದ. ಕಳ್ಳನೆಂಬ ಹೆಸರು ಅಂಟಿದರೆ ಅಲ್ಲಿ ಅವನಿಗೆ ಕೆಲಸವಿಲ್ಲ.

"ನಿನ್ನೆ ಬೀಗ ಹಾಕಿದ್ದು ನೀವೇ ತಾನೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಹೌದಮ್ಮ. ಎಳೆದೂ ನೋಡಿದೀನಿ. ನೋಡದೆ ಹೋದ್ರೆ ನನಗೆ ನಿದ್ದೆ ಬರಲ್ಲ."

ಅವಳಿಗೂ ಹಾಗೆಯೇ. ಮನೆಯ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವ ಅವಳನ್ನು ಅವಳಮ್ಮ 'ಅನುಮಾನದ ಪಿಶಾಚಿ' ಎನ್ನುತ್ತಿದ್ದರು.

* * *

"ಕಳ್ಳಸಾಗಣೆಯವರ ಗುಂಪೇ ಇರಬೇಕು," ಎಂದ ಮೇಲ್ವಿಚಾರಕ. "ಇವನು ಬಾಗಿಲು ತೆಗೆದಿದ್ದಾನೆ, ಅವರು ಎತ್ತಿದ್ದಾರೆ."

ಲಾರಿ ಚಾಲಕ ನಕ್ಕ. "ಯಾವ ಗುಂಪು ಸ್ವಾಮಿ? ಈ ಇಟ್ಟಿಗೆ ದಾರೀಲಿ ನನ್ನ ಲಾರಿಯೇ ತಿರುಗಲ್ಲ. ಅದನ್ನೇನು ಕಂಕುಳಲ್ಲಿ ಇಟ್ಕೊಂಡು ಹೋದ್ರಾ?"

ಹಾಗಾದರೆ ಮುತ್ತಜ್ಜ ನಡೆದೇ ಹೋಗಿದ್ದಾನೆ. ಆದರೆ ಯಾರ ಹಿಂದೆ?

ಅವಳು ಅಂಗಳ ಸುತ್ತಿದಳು. ನೀರಿನ ತೊಟ್ಟಿಯ ಆಚೆ, ಗೋಡೆಯ ಬುಡದಲ್ಲಿ, ಜಜ್ಜಿಹೋದ ಟೊಮೇಟೊ ಚೂರೊಂದು ಬಿದ್ದಿತ್ತು.

"ಇದು ನೀವು ಕೊಟ್ಟಿದ್ದಾ?"

ಪಾಲಕ ಬೆಚ್ಚಿದ. "ಅಯ್ಯೋ ಇಲ್ಲ. ಇದನ್ನ ತಿಂದ್ರೆ ಅವನಿಗೆ ಹೊಟ್ಟೆ ಕೆಡುತ್ತೆ. ಡಾಕ್ಟರು ನಿಲ್ಲಿಸಿ ಎಷ್ಟೋ ಕಾಲವಾಯ್ತು. ನಾನು ಕೊಡೋದು ಕುಂಬಳಕಾಯಿ."

ಅವಳು ಆ ಗೋಡೆಯನ್ನೇ ನೋಡುತ್ತ ನಿಂತಳು. ಅಮ್ಮನ ಮನೆಯ ಪಡಸಾಲೆಯಲ್ಲೊಂದು ಫೋಟೋ ಇದೆ. ಜರಿಯಂಚಿನ ಫ್ರಾಕು ತೊಟ್ಟ ಅವಳು ಮುತ್ತಜ್ಜನ ಬೆನ್ನ ಮೇಲೆ. ಬೀಳದಂತೆ ಅಪ್ಪನ ಕೈ. ಊರಿನ ಮನೆಮನೆಯಲ್ಲೂ ಅಂಥದ್ದೊಂದು ಇತ್ತು. ಆ ದಿನ ಸಾಲಿನಲ್ಲಿ ನಿಂತು ಅಪ್ಪನ ಅಂಗಿ ಜಗ್ಗಿದ್ದು, ಹಸಿರು ಬಣ್ಣದ ಪುಟ್ಟ ಬಾಗಿಲಿನಲ್ಲಿ ಅಪ್ಪ ಬಗ್ಗಿ ನುಸುಳಿದ್ದು ನೆನಪಾಯಿತು.

ಈ ದೊಡ್ಡ ಬಾಗಿಲಿನಿಂದ ಅವಳು ಅಂದು ಬಂದಿರಲೇ ಇಲ್ಲ.

ಗೋಡೆಗೆ ಹಬ್ಬಿದ ಬಳ್ಳಿಯನ್ನು ಸರಿಸಿದಳು. ಬಳ್ಳಿ ಆಗಲೇ ಕಿತ್ತುಬಂದಿತ್ತು, ಎಲೆಗಳು ಬಾಡಿದ್ದವು. ಹಿಂದೆ ಅದೇ ಬಾಗಿಲು. "ಮಕ್ಕಳ ಸವಾರಿ ನಿಂತಾಗಲೇ ಇದನ್ನ ಮುಚ್ಚಿದ್ರು, ನನಗೆ ಮರೆತೇಹೋಗಿತ್ತು," ಎಂದ ಪಾಲಕ. ತಳ್ಳಿದೊಡನೆ ತೆರೆದುಕೊಂಡಿತು. ಆಚೆ ನಾಲ್ಕು ಹೆಜ್ಜೆಗೇ ಮುಚ್ಚಿದ ಫೋಟೋ ಸ್ಟುಡಿಯೋ.

* * *

ಸ್ಟುಡಿಯೋದ ಕತ್ತಲಕೋಣೆಯಲ್ಲಿ ಮುತ್ತಜ್ಜ ಕಣ್ಣು ಮುಚ್ಚಿ ಮಲಗಿದ್ದ. ಪಕ್ಕದ ಸ್ಟೂಲಿನ ಮೇಲೆ ಅಂದು ಆ ಫೋಟೋ ತೆಗೆದವರು, ಊರ ಮಕ್ಕಳೆಲ್ಲರ ಸ್ಟುಡಿಯೋ ಮಾಮ. ಈಗ ತಲೆ ಪೂರಾ ನರೆತಿತ್ತು.

"ಫೋಟೋದಲ್ಲಿ ಅಜ್ಜ ಕತ್ತೆತ್ತಲಿ ಅಂತ ನೀವು ಕ್ಯಾಮೆರಾ ಪಕ್ಕ ಟೊಮೇಟೊ ಹಿಡೀತಿದ್ರಿ," ಎಂದಳು ಅವಳು. "ಆಮೆ ಮರೆತಿಲ್ಲ ಮಾಮ. ಆ ಹಸಿರು ಬಾಗಿಲಿನ ಕೀಲಿ ನಿಮ್ಮ ಹತ್ತಿರವೇ ಇತ್ತು. ಹೊಸಬರಾದ ಮೇಲ್ವಿಚಾರಕರಿಗೆ ಬಾಗಿಲಿರೋದೇ ಗೊತ್ತಿಲ್ಲ. ಇನ್ನು ಪಾಲಕರು ಟೊಮೇಟೊ ಮುಟ್ಟೋರಲ್ಲ, ಅವರಿಗೆ ಬಳ್ಳಿ ಕಿತ್ತು ಕಳ್ಳದಾರಿ ಹುಡುಕೋ ಅಗತ್ಯವೂ ಇರಲಿಲ್ಲ."

"ಲಾರಿ ಖಾಲಿ ಹೋದ್ರೆ ಇವನು ಇಲ್ಲೇ ಉಳೀತಾನೆ ಅಂದ್ಕೊಂಡೆ," ಎಂದರು ಮಾಮ. "ಇವನೂ ಹೋದ ಮೇಲೆ ಇಲ್ಲಿ ನನ್ನ ಗುರುತು ಹಿಡಿಯೋರು ಯಾರಿದ್ದಾರೆ?"

"ತಪ್ಪು ಇವರ ತಲೆಗೆ ಬರುತ್ತೆ ಅಂತ ಗೊತ್ತಿರಲಿಲ್ವಾ?"

ಅವರು ಪಾಲಕನತ್ತ ನೋಡಲಿಲ್ಲ. "ಗೊತ್ತಿತ್ತು. ಸವಾರಿ ನಿಲ್ಲಿಸಿ ಅಂತ ದೂರು ಕೊಟ್ಟು ನನ್ನ ಅನ್ನಕ್ಕೆ ಕಲ್ಲು ಹಾಕಿದವನು ಇವನೇ."

"ಅಜ್ಜನ ಬೆನ್ನು ಸವೆದಿತ್ತು ಕಣಯ್ಯಾ," ಎಂದ ಪಾಲಕ. "ನೀನು ಮುಖ ನೋಡ್ತಿದ್ದೆ. ಬೆನ್ನು ತೊಳೀತಿದ್ದೋನು ನಾನು."

* * *

ಮೇಲ್ವಿಚಾರಕನೇ ಹಲಗೆ ಹಿಡಿದು ಮುತ್ತಜ್ಜನನ್ನು ಲಾರಿಗೆ ಹತ್ತಿಸಿದ. ಪಾಲಕನ ಗಂಟನ್ನೂ ತಾನೇ ಎತ್ತಿಕೊಟ್ಟ.

ಸ್ಟುಡಿಯೋ ಮಾಮ ಪೊಲೀಸ್ ಜೀಪಿನಲ್ಲಿ ಕುಳಿತಿದ್ದರು. ಲಾರಿ ಪಕ್ಕದಿಂದ ಹಾಯುವಾಗ ಪಾಲಕ ಚಾಲಕನಿಗೆ ನಿಲ್ಲಿಸಲು ಹೇಳಿದ.

"ಪೊಲೀಸರು ಬಿಟ್ಟ ಮೇಲೆ ಅಲ್ಲಿಗೆ ಬಾ," ಎಂದ ಮೇಲಿನಿಂದ. "ಎಲ್ಲರ ಹಾಗೆ ಟಿಕೆಟ್ ತಗೊಂಡು ಬಾ. ಬೇಲಿಯಾಚೆ ನಿಂತು ನೋಡು."

ಮಾಮ ತಲೆಯಾಡಿಸಿದರು. ಲಾರಿ ಹೊರಟಿತು.