ಕಣ್ಣಿಡದ ಸೋಮ

ಈ ಕಥೆಯನ್ನು ಮೊದಲು ಹೇಳಿದವರು ಚನ್ನಪಟ್ಟಣ ತಾಲ್ಲೂಕು ಬೈರಾಪಟ್ಟಣದ ಕಾವೇರಮ್ಮ. ೨೦೨೫ರ ಜನವರಿಯ ಒಂದು ಮಧ್ಯಾಹ್ನ, ತಮ್ಮ ಜಗುಲಿಯ ಮೇಲೆ, ನೆರೆಯ ಹೆಂಗಸರೊಡನೆ ಅವರೆಕಾಯಿ ಸುಲಿಯುತ್ತ. ತಾವು ಕಾಣದ ಭಾಗವನ್ನು ಕಥೆಯ ಹುಡುಗಿಯ ಬಾಯಿಂದಲೇ ಕೇಳಿದ್ದಾಗಿ ಅವರು ತಿಳಿಸಿದರು.

ಕಾವೇರಮ್ಮನ ಪಕ್ಕದ ಮನೆಯ ಅಶ್ವಥ್ ಒಬ್ಬಂಟಿ ರೈತ. ಅವನ ಮನೆತನದವರು ಊರ ಅಮ್ಮನ ಕೆಂಪು ಸೋಮನನ್ನು ಹೊರುತ್ತ ಬಂದವರು. ಸೋಮನೆಂದರೆ ದೇವಿಯ ಕಾವಲುಗಾರ: ಬಿದಿರಿನ ಚೌಕಟ್ಟಿಗೆ ಬಿಗಿದ ದೊಡ್ಡ ಮರದ ಮುಖ, ಅದನ್ನು ಹೊತ್ತವನು ಬೆತ್ತ ಹಿಡಿದು ಕುಣಿಯುತ್ತಾನೆ. ಆ ಮನೆಯದೊಂದು ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ, ಅಮ್ಮನ ಹಬ್ಬಕ್ಕೆ, ಮುಖಕ್ಕೆ ಬಣ್ಣ ಬಳಿದ ಮೇಲೆ ಕಣ್ಣಿಗೆ ಕಪ್ಪಿಡುವವಳು ಆ ಮನೆಯ ಹೆಣ್ಣು: ಹೊರುವವನ ತಾಯಿ, ಇಲ್ಲವೇ ಹೆಂಡತಿ. ಕಣ್ಣಿಡದ ಸೋಮ ಹೊಸ್ತಿಲು ದಾಟುವಂತಿಲ್ಲ.

ತಾಯಿ ತೀರಿಕೊಂಡಂದಿನಿಂದ ಸೋಮ ಹೊರಗೆ ಬಂದಿರಲಿಲ್ಲ. ಅಶ್ವಥ್ ಮಾತ್ರ ಪ್ರತಿವರ್ಷವೂ ಕೆಂಪು ಬಳಿದು, ಬಿಳಿಯ ಬರಿಗಣ್ಣುಗಳೆದುರು ಸ್ವಲ್ಪ ಹೊತ್ತು ಕುಳಿತು ಏಳುತ್ತಿದ್ದ.

ಅಂಥ ಒಂದು ದಿನ ಸೌಮ್ಯಶ್ರೀ ಬಂದಳು. ಕುದೂರಿನವಳು, ಬೆಂಗಳೂರಿನ ಕಂಪನಿಯೊಂದರಲ್ಲಿ ಗೇಮ್‌ಗಳಿಗೆ ಪಾತ್ರಗಳ ಚಿತ್ರ ಬರೆಯುವ ಕಲಾವಿದೆ. ಹೊಸ ಗೇಮಿನ ಕಲ್ಪನಾಲೋಕಕ್ಕೆ ಒಬ್ಬ ಕಾವಲುಗಾರ ಬೇಕಾಗಿದ್ದ. ಇಂಟರ್ನೆಟ್ಟಿನ ಚಿತ್ರ ನೋಡಿ ಬರೆಯಲು ಅವಳ ಮನಸ್ಸು ಒಪ್ಪಿರಲಿಲ್ಲ. ದೇವಸ್ಥಾನದ ಹಿರಿಯ ಮುನಿಶಾಮಯ್ಯನವರ ಅಪ್ಪಣೆ ಪಡೆದೇ ಟ್ಯಾಬ್ ತೆರೆದಳು.

“ನಿಮ್ ಗೇಮಲ್ಲಿ ನಮ್ ಸೋಮ ಯಾರ್ನ ಹೊಡೀತಾನೆ?” ಎಂದು ಅಶ್ವಥ್ ಕೇಳಿದ.

“ಯಾರನ್ನೂ ಇಲ್ಲ. ಕಾಡಲ್ಲಿ ದಾರಿ ತಪ್ಪಿದವರ ಮುಂದೆ ನಡೀತಾನೆ, ಅಷ್ಟೇ.”

“ಹಂಗಾದ್ರೆ ಯಾರೂ ಆಡಾಕಿಲ್ಲ ಬುಡಿ.”

“ನಮ್ ಬಾಸೂ ಇದನ್ನೇ ಅಂದ್ರು. ಕೈಗೊಂದು ಕತ್ತಿ ಕೊಡು, ಬಾಯಿಗೆ ರಕ್ತ ಹಚ್ಚು ಅಂತ. ಸ್ವಲ್ಪ ನಡೀರಿ, ನಿಮ್ಮ ನಡಿಗೆ ನೋಡ್ಬೇಕು.”

ಅವಳ ದೃಷ್ಟಿ ತನ್ನ ಹಿಮ್ಮಡಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಭುಜಕ್ಕೆ ನಿಧಾನವಾಗಿ ಏರುವುದು ತಿಳಿದು, ಹುಟ್ಟಿದಾಗಿನಿಂದ ನಡೆದ ಅಂಗಳದಲ್ಲಿ ಅಶ್ವಥ್ ಎಡವಿದ. ಅವಳು ನಗಲಿಲ್ಲ. ತುಟಿ ಕಚ್ಚಿಕೊಂಡಳು, ಅದು ಅವನಿಗೆ ನಗುವುದಕ್ಕಿಂತ ಹೆಚ್ಚಾಗಿ ನಾಟಿತು.

ಮತ್ತೆ ಮತ್ತೆ ಬಂದಳು. ಒಮ್ಮೆ ಊಟಕ್ಕೆ ನಿಲ್ಲಿಸಿಕೊಂಡ.

“ಒಬ್ನಿಗೆ ಮುದ್ದೆ ತಿರುವೋದು ಕಷ್ಟ ಕಣ್ರೀ,” ಎಂದ. “ಹಿಟ್ಟು ಒಸಿ ಆದ್ರೆ ಕೋಲಿಗೇ ಸಿಗಾಕಿಲ್ಲ.”

“ನಾನು ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡೇ ಊಟ ಮಾಡ್ತೀನಿ. ಅಗಿಯೋ ಸದ್ದು ನನಗೇ ಕೇಳಬಾರದು ಅಂತ.”

ಇಬ್ಬರೂ ತಟ್ಟೆಯನ್ನೇ ನೋಡುತ್ತ ಉಂಡರು.

ಬಣ್ಣ, ಬೆತ್ತ, ಸೋಮನಿಗೆ ಉಡಿಸುವ ಸೀರೆಯ ನೆರಿಗೆ, ಎಲ್ಲವನ್ನೂ ಅವಳು ಕೇಳಿ ತಿಳಿದಳು. ಬರಿಗಣ್ಣುಗಳ ಬಗ್ಗೆ ಮಾತ್ರ ಕೇಳಲಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆಯೆಂದು ಭಾವಿಸಿದಳು. ಅವನೂ ಹೇಳಲಿಲ್ಲ. ಹೇಳಿದರೆ ತನಗೆ ಯಾರೂ ಇಲ್ಲವೆಂದು ಹೇಳಿದಂತಾಗುತ್ತಿತ್ತು.

ಚಿತ್ರ ಮುಗಿದ ದಿನ ದೇವಸ್ಥಾನದ ಕಟ್ಟೆಯ ಮೇಲೆ ಟ್ಯಾಬ್ ಇಟ್ಟು ಎಲ್ಲರಿಗೂ ತೋರಿಸಿದಳು. ಕೆಂಪು ಸೋಮ ಅಶ್ವಥನದೇ ನಡಿಗೆಯಲ್ಲಿ ಮಂಜಿನ ಕಾಡಿನಿಂದ ನಡೆದು ಬಂದ. ಕಣ್ಣುಗಳಲ್ಲಿ ಹೊಳೆಯುವ ಎರಡು ಕಪ್ಪು ಬೊಟ್ಟುಗಳಿದ್ದವು.

ಕಟ್ಟೆಯ ಮೇಲಿದ್ದವರು ಒಮ್ಮೆ ಆ ಕಣ್ಣುಗಳನ್ನು, ಒಮ್ಮೆ ಅಶ್ವಥನನ್ನು ನೋಡಿದರು.

“ಆ ಮನೆ ಸೋಮುಂಗೆ ಕಣ್ಣಿಡೋಳು ಆ ಮನೆ ಹೆಣ್ಣು ಕಣವ್ವ,” ಎಂದರು ಮುನಿಶಾಮಯ್ಯ. “ನೀನು ಇಟ್ಬುಟ್ಟಿದ್ದೀಯ. ಏನ್ಲಾ ಅಶ್ವಥ, ನಮ್ಗೊಂದ್ ಮಾತೂ ಹೇಳ್ಲಿಲ್ವಲ್ಲ!”

ಕಟ್ಟೆ ನಗೆಯಲ್ಲಿ ಮುಳುಗಿತು. ಸೌಮ್ಯಶ್ರೀಯ ಕಿವಿಗಳು ಕೆಂಪಾದವು. ಆದರೂ ಅವಳು ಅಶ್ವಥನ ಮುಖವನ್ನೇ ನೋಡಿದಳು. ಅವನು ನೆಲ ನೋಡುತ್ತ, ಅವಳಿಗೆ ಅವಮಾನವಾಯಿತೆಂದೇ ತಿಳಿದು, “ಗೊತ್ತಿಲ್ದೆ ಮಾಡವ್ರೆ. ಅಳ್ಸ್‌ಬುಡಿ ಮೇಡಂ,” ಎಂದ.

ಅದುವರೆಗೆ ಅವನು ಮೇಡಂ ಎಂದಿರಲಿಲ್ಲ. ಅವಳು ಅಳಿಸಿದಳು.

ಗೇಮ್ ಬಂತು. ಅಶ್ವಥ್ ಅದನ್ನು ಫೋನಿಗೆ ಹಾಕಿಸಿಕೊಂಡು, ಹೊಲದ ಬದುವಿನ ಮೇಲೆ ಕುಳಿತು ತನ್ನ ಸೋಮನನ್ನು ಹುಡುಕಿದ. ಕೈಯಲ್ಲಿ ಕತ್ತಿಯಿರಲಿಲ್ಲ, ಬಾಯಲ್ಲಿ ರಕ್ತವಿರಲಿಲ್ಲ, ಬೆತ್ತವಿತ್ತು. ಕಣ್ಣುಗಳು ಬಿಳಿಯಾಗಿಯೇ ಇದ್ದವು. ‘ಆ ಮನೆ ನನಗೆ ಬೇಡ’ ಎಂದು ಅವಳು ಬರೆದಿಟ್ಟ ಹಾಗೆ ಅವನಿಗೆ ಕಂಡಿತು. ಆದರೂ ದಿನವೂ ದಾರಿ ತಪ್ಪಿಸಿಕೊಳ್ಳುತ್ತಿದ್ದ. ಆಗ ಸೋಮ ಬಂದು ಮುಂದೆ ನಡೆಯುತ್ತಿದ್ದ.

ಅತ್ತ ಸೌಮ್ಯಶ್ರೀ ಆ ಬಿಳಿಗಣ್ಣುಗಳಿಗಾಗಿ ಆಫೀಸಿನವರೊಡನೆ ಜಗಳವಾಡಿದ್ದಳು. ಅವನೇ ಕರೆಯದೆ ಆ ಕಣ್ಣಿಡುವುದಿಲ್ಲವೆಂದು ನಿಶ್ಚಯಿಸಿದ್ದಳು. ಕರೆ ಬರಲಿಲ್ಲ. ಲಕ್ಷಾಂತರ ಜನ ಅವಳ ಸೋಮನ ಹಿಂದೆ ನಡೆಯುತ್ತಿದ್ದರು. ಅವಳು ಹೆಡ್‌ಫೋನ್ ಹಾಕಿಕೊಂಡೇ ಉಣ್ಣುತ್ತಿದ್ದಳು.

ಮರುವರ್ಷ ಬಣ್ಣ ಬಳಿಯುತ್ತಿದ್ದವನನ್ನು ಕಾವೇರಮ್ಮನೇ ಗದರಿದ್ದು: “ಒಂದ್ ಫೋನ್ ಮಾಡ್ಲಾ. ಕೇಳಿದ್ರೆ ಬಾಯಿ ಸವೆದೋಯ್ತದಾ?”

ಫೋನ್ ಮಾಡಿದ. “ಗೇಮಲ್ಲಿ ಕಣ್ ಯಾಕ್ ಬುಟ್ರಿ?”

ಆ ಕಡೆ ಅವಳು ಹೆಡ್‌ಫೋನ್ ತೆಗೆದಿಟ್ಟಳು. “ಅಳಿಸು ಅಂದೋರು ನೀವು. ಇಡು ಅಂತ ಯಾರೂ ಹೇಳಲಿಲ್ಲ.”

“ಇಲ್ಲೂ ಹಂಗೇ ಐತೆ,” ಎಂದ ಅವನು. ಆಮೇಲೆ, “ಬತ್ತೀರಾ?” ಎಂದ.

ಹಬ್ಬದ ಬೆಳಿಗ್ಗೆ ಮೊದಲ ರೈಲಿಗೆ ಬಂದು ಚನ್ನಪಟ್ಟಣದಲ್ಲಿ ಇಳಿದಳು. ಮನೆಯಲ್ಲಿ ಅವನು ಕಪ್ಪಿನ ಬಟ್ಟಲನ್ನು ಹಿಡಿದು ಕಾದಿದ್ದ. “ಇಟ್ರೆ ಆಮೇಲೆ ಅಳ್ಸಂಗಿಲ್ಲ.”

“ಗೊತ್ತು. ಅದಕ್ಕೇ ಗೇಮಲ್ಲಿ ಮತ್ತೆ ಇಡಲಿಲ್ಲ,” ಎಂದು ಅವಳು ಬೆರಳಿಗೆ ಕಪ್ಪು ತೆಗೆದುಕೊಂಡಳು.

ಕಣ್ಣಿಟ್ಟ ಕ್ಷಣದಿಂದ ಸೋಮನನ್ನು ಇಳಿಸುವವರೆಗೆ ಹೊರುವವನು ಮಾತಾಡಬಾರದು. ಇಷ್ಟು ವರ್ಷ ಮಾತಿಗೆ ಜನವಿಲ್ಲದೆ ಕಳೆದವನಿಗೆ, ಜನ ಸಿಕ್ಕ ದಿನ ಬಾಯಿ ಕಟ್ಟಿತ್ತು. ಏನೋ ಹೇಳಲು ತುಟಿ ತೆರೆದ. ಅವಳು ಬೇಡವೆಂದು ತಲೆಯಾಡಿಸಿದಳು.

“ಸುಮ್ನೆ ಕುಣೀರಿ. ಸಂಜೆವರೆಗೂ ಪಕ್ಕದಲ್ಲೇ ನಡೀತೀನಿ.”

ಹಾಗೆಯೇ ನಡೆದಳು. ತಮಟೆಯ ನಡುವೆ ಅವಳಿಗೆ ಕೇಳಿಸುತ್ತಿದ್ದುದು ಮರದ ಮುಖದ ಕೆಳಗಿನ ಅವನ ಉಸಿರು ಮಾತ್ರ.

ಇಷ್ಟು ಹೇಳಿ ಕಾವೇರಮ್ಮ ಅವರೆಯ ಮೊರ ಕೊಡವಿದರು. ರೇಷ್ಮೆ ನೂಲು ತೆಗೆಯುವ ಸುಹಾನಾ ಬಿಡಲಿಲ್ಲ: “ಇಳಿಸಿದ್ಮೇಲೆ ಏನಂದ, ಅಮ್ಮಾ?”

“ನಂಗೇನ್ ಗೊತ್ತವ್ವ? ಇಳಿಸ್ತಿದ್ದಂಗೆ ನಾನು ಎದ್ ಬಂದೆ. ಅಲ್ಲೇ ನಿಂತ್ಕಳಾಕೆ ನಂಗೇನ್ ನಾಚ್ಕೆ ಇಲ್ವಾ?”

ಹೆಂಗಸರು ನಗುತ್ತ ಸೆರಗಿನ ಸಿಪ್ಪೆ ಝಾಡಿಸಿ, ತಮ್ಮ ತಮ್ಮ ಪಾಲಿನ ಕಾಳು ಕಟ್ಟಿಕೊಂಡು, ಒಲೆ ಹಚ್ಚುವ ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಜಗುಲಿ ಇಳಿದು ಮನೆಗೆ ನಡೆದರು.