ಇಬ್ಬರೇ ಉಳಿದರೆ ಮೊದಲಿನಿಂದ

"ನೀನಾ!"

ಎದುರಾದವನನ್ನು ನೋಡಿ ಕೋರಾಳ ಬಾಯಿಂದ ಬಂದದ್ದು ಇಷ್ಟೇ.

ಮೈದಾನದಿಂದ ಆಟಗಾರರ ಕೋಣೆಗೆ ಹೋಗುವ ಇಕ್ಕಟ್ಟಾದ ದಾರಿ ಅದು. ಹೊರಗೆ ಕೆಟಲ್ ಫೋರ್ಕ್ ಕಾಲೇಜಿನ ಬ್ಯಾಂಡು ಕಿವಿ ಕಿತ್ತುಹೋಗುವಂತೆ ಬಾರಿಸುತ್ತಿತ್ತು. ಗೆದ್ದ ಹುಡುಗರು ಪದ್ಧತಿಯಂತೆ ಕಿತ್ತಳೆ ಪಾನಕದ ಪೀಪಾಯಿಯನ್ನು ತಮ್ಮ ಕೋಚುಗಳ ತಲೆಯ ಮೇಲೆ ಸುರಿದಿದ್ದರು. ಅದರಲ್ಲಿ ಪೂರ್ತಿ ನೆನೆದು, ನವೆಂಬರಿನ ಚಳಿಗೆ ಹಲ್ಲು ಕಟಕಟಿಸುತ್ತಾ ನಿಂತಿದ್ದವನು ಗ್ರೇಡಿ.

ಮೂರು ವರ್ಷ... ಮೂರು ವರ್ಷದ ಮೇಲೆ!

"ನಾನೇ. ಚೆನ್ನಾಗಿದ್ದೀಯಾ ಕೋರಾ?"

"ನಾನು ಚೆನ್ನಾಗಿದ್ದೀನೋ ಇಲ್ಲವೋ, ನಿನಗ್ಯಾಕೆ?"

"ಕೇಳಬಾರದಾ?"

"ಮೂರು ವರ್ಷದ ಹಿಂದೆ ಕೇಳಬೇಕಿತ್ತು!"

ಅವನು ಈ ಆಗಸ್ಟಿನಲ್ಲಿ ಕೆಟಲ್ ಫೋರ್ಕ್ ತಂಡಕ್ಕೆ ಸಹಾಯಕ ಕೋಚ್ ಆಗಿ ಬಂದದ್ದು ಅವಳಿಗೆ ಗೊತ್ತಿತ್ತು. ಅವಳು ಕೆಲಸ ಮಾಡುವುದು ಕಾನ್ಫರೆನ್ಸ್ ಕಚೇರಿಯಲ್ಲಿ. ಕಾನ್ಫರೆನ್ಸ್ ಎಂದರೆ ಹನ್ನೆರಡು ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ತಂಡಗಳ ಕೂಟ, ಅವನ್ನೆಲ್ಲ ಒಂದು ದಾರಕ್ಕೆ ಪೋಣಿಸಿಟ್ಟ ಕಚೇರಿ ಅದು. ಹೆಸರುಗಳ ಪಟ್ಟಿ ಮೊದಲು ಬರುವುದೇ ಅವಳ ಮೇಜಿಗೆ. ಅಂದಿನಿಂದ ಈ ಊರಿನ ಒಂದೊಂದು ಪಂದ್ಯಕ್ಕೂ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಇವತ್ತು ಬರಬೇಕಾಗಿದ್ದವರಿಗೆ ಜ್ವರ, ನೆಪಕ್ಕೆ ಜಾಗವಿರಲಿಲ್ಲ.

ಅಷ್ಟರಲ್ಲಿ ಫೋನ್ ಅದುರಿತು. ಕಚೇರಿಯಲ್ಲಿ ಲೆಕ್ಕ ಹಾಕುತ್ತಿದ್ದ ಪ್ರುಯಿಟ್.

"ಕೋರಾ, ಮೂರು ತಂಡ ಸಮ ಆಗಿವೆ ನೋಡು! ಆರ್ಮಿಟೇಜ್, ಬೆಲ್ಡನ್, ಕೆಟಲ್ ಫೋರ್ಕ್. ಮೂವರೂ ಏಳು ಗೆದ್ದು ಒಂದು ಸೋತಿದ್ದಾರೆ."

"ಒಬ್ಬರನ್ನೊಬ್ಬರು ಸೋಲಿಸಿದ್ದಾರಲ್ಲ?"

"ಅದೇ ಗೋಳು. ಇವರು ಅವರನ್ನ, ಅವರು ಇನ್ನೊಬ್ಬರನ್ನ, ಇನ್ನೊಬ್ಬರು ಇವರನ್ನ! ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ. ಮೂವರಿಗೂ ಎದುರಾದ ತಂಡಗಳನ್ನ ನೋಡಿದೆ, ಅಲ್ಲೂ ಸಮ. ಕೊನೆಗೆ ಯಾರ ಎದುರಾಳಿಗಳು ಜಾಸ್ತಿ ಗೆದ್ದಿದ್ದಾರೆ ಅಂತ ನೋಡಿದೆ. ಆರ್ಮಿಟೇಜ್ ಮೊದಲು, ಕೆಟಲ್ ಫೋರ್ಕ್ ಎರಡನೇದು, ಬೆಲ್ಡನ್ ಮೂರನೇದು. ಫೈನಲ್‌ಗೆ ಇಬ್ಬರೇ ತಾನೇ? ಬೆಲ್ಡನ್ ಔಟ್. ಹೋಗಿ ಹೇಳಿಬಿಡು."

ಬೇರೆ ದಿನವಾಗಿದ್ದರೆ ಕೋರಾ ಚೀಲದಿಂದ ನಿಯಮದ ಹಾಳೆ ತೆಗೆದು ಸಾಲು ಸಾಲು ನೋಡುತ್ತಿದ್ದಳು. ಆ ಹಾಳೆ ಬರೆದವಳೇ ಅವಳು! ಇವತ್ತು ಹಾಳೆ ಚೀಲದಲ್ಲೇ ಉಳಿಯಿತು. ಎರಡು ಹೆಜ್ಜೆ ದೂರದಲ್ಲಿ ಅವನಿದ್ದ. ಆ ಕಂದು ಕಣ್ಣು, ಮುರಿದು ಕೂಡಿದ ಆ ಮೂಗು... ಯಾವುದೂ ಬದಲಾಗಿರಲಿಲ್ಲ.

'ಬೇಗ ಹೇಳಿ ಬೇಗ ಹೊರಟುಬಿಡಬೇಕು.' ಅವಳ ತಲೆಯಲ್ಲಿ ಇದ್ದದ್ದು ಇದೊಂದೇ.

ಸುದ್ದಿ ಸಿಹಿಯಾಗಲಿ, ಕಹಿಯಾಗಲಿ, ಟೀವಿಯಿಂದ ತಿಳಿಯಬಾರದು, ಹುಡುಗರ ಮುಖ ನೋಡಿ ಹೇಳಬೇಕು ಎಂಬುದು ಕಾನ್ಫರೆನ್ಸಿನ ಹಳೆಯ ಪದ್ಧತಿ. ಅವಳು ಆಟಗಾರರ ಕೋಣೆಯ ನಡುವೆ ನಿಂತು ಹೇಳಿದಳು.

"ಮುಂದಿನ ಶನಿವಾರ ಫೈನಲ್ ಆಡೋದು... ನೀವು!"

ಛಾವಣಿ ಹಾರಿಹೋಗುವ ಹಾಗೆ ಕೂಗು! ಆನೆಯಂಥ ಹುಡುಗರು ಮಕ್ಕಳ ಹಾಗೆ ಅತ್ತರು. ಮುಖ್ಯ ಕೋಚ್ ಡಾಬ್ಸ್ ತಮ್ಮ ಟೋಪಿಯಿಂದ ಕಣ್ಣು ಒರೆಸಿಕೊಂಡರು. ಈ ಕಾಲೇಜು ಫೈನಲ್ ಮುಖ ಕಂಡದ್ದೇ ಇಲ್ಲ.

ಗ್ರೇಡಿ ಒಬ್ಬನೇ ಸುಮ್ಮನಿದ್ದ. ಅವಳ ಹಿಂದೆಯೇ ಬಾಗಿಲವರೆಗೆ ಬಂದ.

"ಕೋರಾ... ಎಲ್ಲಾ ಹಂತಾನೂ ನೋಡಿದೆಯಾ?"

"ಏನು?"

"ಲೆಕ್ಕ. ಪೂರ್ತಿ ನೋಡಿದೆಯಾ ಅಂತ."

ಅವಳಿಗೆ ಉರಿದುಹೋಯಿತು. "ನನ್ನ ಕೆಲಸ ನನಗೆ ಕಲಿಸ್ತೀಯಾ? ಒಂದು ಮಾತೂ ಹೇಳದೆ ಓಡಿಹೋದವನು ಪೂರ್ತಿ, ಅರ್ಧ ಅಂತೆಲ್ಲಾ ಮಾತಾಡಬೇಡ!"

"ನಾನು ಹೇಳಿದ್ದು ಅದಲ್ಲ..."

ಅವಳು ತಿರುಗಿ ನೋಡಲಿಲ್ಲ.

*

ಮೋಟೆಲಿನ ಹಾಸಿಗೆಯಲ್ಲಿ ನಿದ್ದೆ ಎಂಬುದು ಹತ್ತಿರ ಸುಳಿಯಲಿಲ್ಲ. ಭಾನುವಾರ ಬೆಳಕು ಹರಿದದ್ದೇ ಎದ್ದು ಎದುರಿನ ಹೋಟೆಲಿಗೆ ಹೋಗಿ ಕುಳಿತಳು. ಕಾಫಿ ತಂದ ಓಪಲ್ ಎಂಬ ಹೆಂಗಸು ಏಪ್ರನ್ ಮೇಲೆಯೇ ಕೆಟಲ್ ಫೋರ್ಕ್ ಜರ್ಸಿ ತೊಟ್ಟಿದ್ದಳು.

"ನಿನ್ನೆ ಸುದ್ದಿ ತಂದೋಳು ನೀನೇ ಅಲ್ವಾ ಮಗಳೇ? ತಿನ್ನು, ಇದು ನಮ್ಮ ಕಡೆಯಿಂದ!" ಎಂದು ಪ್ಯಾನ್‌ಕೇಕಿನ ಗೋಪುರವನ್ನೇ ತಂದಿಟ್ಟಳು. "ನನ್ನ ಗಂಡ ಇಪ್ಪತ್ತು ವರ್ಷ ಪ್ರತಿ ಪಂದ್ಯಕ್ಕೂ ಹೋದ. ಇವತ್ತು ಇದ್ದಿದ್ರೆ ಬೀದೀಲಿ ಕುಣೀತಿದ್ದ."

ಕೋರಾ ನಕ್ಕಳು. ಆದರೂ ಒಳಗೆ ಏನೋ ಚುಚ್ಚುತ್ತಿತ್ತು.

'ಎಲ್ಲಾ ಹಂತಾನೂ ನೋಡಿದೆಯಾ?'

ಅವನು ಅವಳನ್ನು ಹಂಗಿಸಿದವನಲ್ಲ. ಜಗಳವಾಡುವಾಗಲೂ ಹಂಗಿಸಿದವನಲ್ಲ. ಹಾಗಾದರೆ ಯಾಕೆ ಕೇಳಿದ?

ಚೀಲಕ್ಕೆ ಕೈ ಹಾಕಿ ಹಾಳೆ ತೆಗೆದಳು. ಒಂದು, ಎರಡು, ಮೂರು... ಆರನೆಯ ಸಾಲನ್ನು ಎರಡು ಸಲ ಓದಿದಳು.

*ಮೂವರಲ್ಲಿ ಒಬ್ಬರ ಸ್ಥಾನ ನಿರ್ಧಾರವಾಗಿ ಇಬ್ಬರೇ ಉಳಿದರೆ, ಲೆಕ್ಕ ಮುಂದುವರಿಸಬಾರದು. ಮತ್ತೆ ಮೊದಲ ಹಂತದಿಂದ ಆರಂಭಿಸಬೇಕು.*

ಮೊದಲ ಹಂತವೆಂದರೆ ಮುಖಾಮುಖಿ. ಇಬ್ಬರೂ ಎದುರುಬದುರಾಗಿ ಆಡಿದಾಗ ಗೆದ್ದವರು ಯಾರು?

ಆರ್ಮಿಟೇಜಿಗೆ ಮೊದಲ ಸ್ಥಾನ ಸಿಕ್ಕ ಕ್ಷಣವೇ ಪ್ರುಯಿಟ್ ಲೆಕ್ಕ ನಿಲ್ಲಿಸಬೇಕಿತ್ತು. ಉಳಿದವರು ಬೆಲ್ಡನ್ ಮತ್ತು ಕೆಟಲ್ ಫೋರ್ಕ್. ಸೆಪ್ಟೆಂಬರಿನಲ್ಲಿ ಬೆಲ್ಡನ್ ಗೆದ್ದಿತ್ತು. ಒಂದೇ ಒಂದು ಅಂಕದಿಂದ! ಕೆಟಲ್ ಫೋರ್ಕ್‌ನ ಕೊನೆಯ ಒದೆತ ಗೋಲುಕಂಬಕ್ಕೆ ಬಡಿದು ಹಿಂದಕ್ಕೆ ಬಂದಿತ್ತು.

ಫೈನಲ್ ಆಡಬೇಕಾದದ್ದು ಬೆಲ್ಡನ್.

"ದೇವರೇ... ಏನು ಮಾಡಿಬಿಟ್ಟೆ ನಾನು!"

ಲೆಕ್ಕ ತಪ್ಪಿದ್ದು ಪ್ರುಯಿಟ್. ಆದರೆ ನೋಡದೆ ಹೇಳಿದವಳು ಅವಳು. ಅದೂ ತಾನೇ ಬರೆದ ಸಾಲನ್ನು ಮರೆತು! ಆ ಸಾಲು ಬರೆದ ವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಗ್ರೇಡಿ ದೂರದ ಐಡಹೋ ರಾಜ್ಯದಲ್ಲಿ ಕೆಲಸ ಹಿಡಿದನಂತೆ ಎಂದು ಪ್ರುಯಿಟ್ ಹೇಳಿ ತಿಳಿದ ವಾರ. ಹಗಲೆಲ್ಲಾ ನಿಯಮ ಬರೆದು, ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತ ವಾರ.

ಮಧ್ಯಾಹ್ನ ಹನ್ನೆರಡಕ್ಕೆ ಟೀವಿಯಲ್ಲಿ ಘೋಷಣೆ. ಕಾನ್ಫರೆನ್ಸಿನ ಮುಖ್ಯಸ್ಥೆ, ಕಮಿಷನರ್ ಹೆಲೆನ್‌ಗೆ ಫೋನ್ ಮಾಡಿದಳು.

"ಮೇಡಂ, ತಪ್ಪಾಗಿದೆ. ಬೆಲ್ಡನ್ ಹೋಗಬೇಕು."

ಎಲ್ಲವನ್ನೂ ಕೇಳಿ ಹೆಲೆನ್ ಉಸಿರು ಬಿಟ್ಟರು. "ನೀನು ಹೇಳೋದು ಸರಿ. ಬೆಲ್ಡನ್‌ಗೆ ನಾನೇ ಫೋನ್ ಮಾಡ್ತೀನಿ. ಆದರೆ ಒಂದು ತಿಳಿದುಕೋ ಕೋರಾ. ಅಲ್ಲಿರೋ ಆ ಕೋಚ್ ಯಾರು ಅಂತ ಎಲ್ಲರಿಗೂ ಗೊತ್ತು. ಹಳೇ ಸೇಡು ತೀರಿಸಿಕೊಂಡಳು ಅಂತಾರೆ."

"ಅನ್ನಲಿ."

"ಅವನೂ ಅಂದ್ರೆ?"

ಕೋರಾ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

"ಮುಖ ನೋಡಿ ಸಿಹಿ ಹಂಚಿದ್ದೀಯ," ಎಂದರು ಹೆಲೆನ್ ಮೆಲ್ಲಗೆ. "ಕಹೀನೂ ನೀನೇ ಮುಖ ನೋಡಿ ಹೇಳಬೇಕಮ್ಮ."

ಪ್ಯಾನ್‌ಕೇಕ್ ಹಾಗೆಯೇ ಉಳಿಯಿತು. ಓಪಲ್ ಬಾಗಿಲಲ್ಲಿ ನಿಂತು ಕೈ ಬೀಸಿದಾಗ ಕೋರಾಳಿಗೆ ತಲೆ ಎತ್ತಲಾಗಲಿಲ್ಲ.

*

ಮೈದಾನಕ್ಕೆ ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಅಂಗಡಿಗಳ ಗಾಜಿನ ಮೇಲೆ 'ಫೈನಲ್ ನಮ್ಮದೇ' ಎಂದು ಸೋಪಿನಲ್ಲಿ ಬರೆದಿದ್ದರು. ಒಂದೊಂದು ಅಕ್ಷರವೂ ಅವಳ ಕಪಾಳಕ್ಕೆ ಹೊಡೆದ ಹಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಗೆ ಇಟ್ಟವಳೇ ಕಿತ್ತುಕೊಳ್ಳಲು ಹೊರಟಿದ್ದಳು.

'ಅವನು ಏನಂದುಕೊಳ್ಳುತ್ತಾನೆ? ಬೇಕಂತಲೇ ಮಾಡಿದಳು ಅಂತಾನಾ? ಅಂದುಕೊಂಡರೆ ನನಗೇನು?' ಹೀಗೆ ಅಂದುಕೊಂಡಳು. ಆಮೇಲೆ ಕನ್ನಡಿಯಲ್ಲಿ ತನ್ನ ಕಣ್ಣು ನೋಡಿ ತನಗೇ ಸುಳ್ಳು ಹೇಳಲಾಗಲಿಲ್ಲ. ಅವನು ಹಾಗೆ ಅಂದುಕೊಂಡರೆ ಅವಳಿಗೆ ಬದುಕಿನಲ್ಲಿ ಇನ್ನೇನೂ ಉಳಿಯುತ್ತಿರಲಿಲ್ಲ. ಮೂರು ವರ್ಷ ಆರಿದೆ ಎಂದುಕೊಂಡದ್ದು ಬೂದಿ ಮುಚ್ಚಿದ ಕೆಂಡವಾಗಿತ್ತು.

ಆಟಗಾರರ ಕೋಣೆಯ ಬಾಗಿಲು ತಳ್ಳಿದಳು.

ಹಾಡು ಇರಲಿಲ್ಲ, ಕೂಗು ಇರಲಿಲ್ಲ. ಎಂಬತ್ತು ಹುಡುಗರು ಬೆಂಚುಗಳ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಬಿಳಿಯ ಹಲಗೆಯ ಮೇಲೆ ಗ್ರೇಡಿಯ ಓರೆ ಅಕ್ಷರ... ಅವಳದೇ ಆರನೆಯ ಸಾಲು!

"ನಾನು... ನಾನು ನಿನ್ನೆ..."

ಡಾಬ್ಸ್ ಎದ್ದು ನಿಂತರು. "ಗೊತ್ತಮ್ಮ. ಗ್ರೇಡಿ ಬೆಳಿಗ್ಗೆ ಏಳಕ್ಕೇ ಎಲ್ಲರನ್ನೂ ಕರೆಸಿ ಹೇಳಿದ. ನಿಮ್ಮ ಕಚೇರಿಗೂ ಬರೆದು ಹಾಕಿದ್ದಾನೆ. ಭಾನುವಾರ ಅಲ್ವಾ, ಯಾರೂ ಓದಿರಲ್ಲ."

"ಆದರೂ ನಾನೇ ಹೇಳಬೇಕು." ಅವಳು ಹುಡುಗರ ಕಡೆ ತಿರುಗಿದಳು. ಒಂದೊಂದು ಮುಖವನ್ನೂ ನೋಡಿದಳು. "ತಪ್ಪು ನನ್ನದು. ನೋಡದೇ ಹೇಳಿದೆ. ಫೈನಲ್ ಬೆಲ್ಡನ್‌ದು. ನನ್ನನ್ನ ಬೈಯಿರಿ... ಕ್ಷಮಿಸಿ."

ಯಾರೂ ಬೈಯಲಿಲ್ಲ. ಸೆಪ್ಟೆಂಬರಿನಲ್ಲಿ ಚೆಂಡನ್ನು ಕಂಬಕ್ಕೆ ಬಡಿಸಿದ ಓಡೆಲ್ ಎಂಬವನು ಹಿಂದಿನಿಂದ ಹೇಳಿದ, "ಆ ಕಂಬಾನ ಎರಡು ಇಂಚು ಆ ಕಡೆ ನೆಡಬಾರದಿತ್ತಾ ಮೇಡಂ?"

ಒಬ್ಬ ಮೂಗೆಳೆದುಕೊಂಡು ನಕ್ಕ. ಇನ್ನೊಬ್ಬ ಅತ್ತ. ಕೋರಾ ಎರಡನ್ನೂ ಒಟ್ಟಿಗೇ ಮಾಡಿದಳು.

*

ಗ್ರೇಡಿ ಮೈದಾನದ ಕೊನೆಯಲ್ಲಿ, ಅದೇ ಕಂಬದ ಕೆಳಗೆ ನಿಂತಿದ್ದ. ಖಾಲಿ ಗ್ಯಾಲರಿಗಳಲ್ಲಿ ಕಾಗದದ ಲೋಟಗಳು ಗಾಳಿಗೆ ಉರುಳುತ್ತಿದ್ದವು.

"ನಿನ್ನೇನೇ ಗೊತ್ತಿತ್ತಾ ನಿನಗೆ?"

"ಅನುಮಾನ ಇತ್ತು. ಮನೆಗೆ ಹೋಗಿ ಓದಿದೆ."

"ಬಾಯಿ ಮುಚ್ಚಿಕೊಂಡಿದ್ದಿದ್ರೆ ನಿಮ್ಮ ಹುಡುಗರು ಫೈನಲ್ ಆಡ್ತಿದ್ರು!"

"ಆಡ್ತಿದ್ರು. ಆಮೇಲೆ ಯಾರಾದ್ರೂ ಕಂಡುಹಿಡೀತಿದ್ರು. ನಿನ್ನ ಹೆಸರು ಬೀದಿಗೆ ಬರ್ತಿತ್ತು." ಅವನು ನೆಲ ನೋಡಿದ. "ಅದೂ ಅಲ್ಲದೆ, ನಮ್ಮದಲ್ಲದ್ದನ್ನ ಹೇಗೆ ಇಟ್ಟುಕೊಳ್ಳೋದು? ನೀನು ಇಟ್ಟುಕೊಳ್ತಿದ್ದೆಯಾ?"

ಕೋರಾಳ ಕಣ್ಣು ತುಂಬಿ ಬಂತು. "ನೀನು ನನ್ನನ್ನ ತಪ್ಪು ತಿಳೀತೀಯಾ ಅಂತ ದಾರಿಯುದ್ದಕ್ಕೂ ಸಾಯ್ತಾ ಬಂದೆ ಕಣೋ..."

"ತಪ್ಪು ತಿಳಿಯೋದು ನಮಗಿಬ್ಬರಿಗೂ ಹೊಸದಾ?"

ಆ ಮಾತಿಗೆ ಮೂರು ವರ್ಷದ ಸಿಟ್ಟು ಒಮ್ಮೆಗೇ ಎದ್ದಿತು. "ಹೇಳದೇ ಹೋದೋನು ನೀನು! ಐಡಹೋಗೆ ಹೋಗ್ತೀಯ ಅಂತ ನನಗೆ ಪ್ರುಯಿಟ್ ಹೇಳಬೇಕಾಯ್ತು!"

"ಹೇಳೋಕೆ ಬಂದಿದ್ದೆ. ನಿಮ್ಮ ಅಕ್ಕ ಬಾಗಿಲು ತೆಗೆದಳು. 'ಕೋರಾ ನಿನ್ನ ಮುಖ ನೋಡಲ್ಲಂತೆ, ಹೋಗು' ಅಂದಳು."

"ಸಿಟ್ಟಲ್ಲಿ ಅಂದಿದ್ದೆ! ಇನ್ನೊಂದ್ಸಲ ಬಾಗಿಲು ತಟ್ಟಬಹುದಿತ್ತು!"

"ನೀನೂ ಒಂದ್ಸಲ ಫೋನ್ ಎತ್ತಬಹುದಿತ್ತು."

ಲೋಟವೊಂದು ಉರುಳುತ್ತಾ ಬಂದು ಅವನ ಬೂಟಿಗೆ ತಗುಲಿತು.

"ನಿಯಮದ ಕೆಲಸ ಮಾಡೋರು ಕಾನ್ಫರೆನ್ಸಿನ ಕೋಚ್ ಜೊತೆ ಇರಬಾರದು ಅಂತ ಇದೆಯಲ್ಲ," ಎಂದ ಗ್ರೇಡಿ. "ಆಗ ನಾನು ಇದೇ ಕಾನ್ಫರೆನ್ಸಲ್ಲಿ ಕೋಚ್. ಆ ಕೆಲಸಕ್ಕೆ ನೀನು ಎಷ್ಟು ಆಸೆಪಟ್ಟಿದ್ದೆ! ನಾನು ಕಾನ್ಫರೆನ್ಸ್ ಬಿಟ್ಟು ಹೊರಗೆ ಹೋದ್ರೆ ನಿನ್ನ ಕೆಲಸಾನೂ ಉಳಿಯುತ್ತೆ, ನಾನೂ ಸಿಗ್ತೀನಿ ಅಂತ ಐಡಹೋಗೆ ಸಹಿ ಹಾಕಿದ್ದು."

ತನಗಾಗಿ ಹೋದವನನ್ನು ಕೋರಾ, ತನ್ನನ್ನು ಬಿಟ್ಟುಹೋದವನೆಂದು ಮೂರು ವರ್ಷ ಶಪಿಸಿದ್ದಳು!

"ಮತ್ತೆ ಈಗ ಯಾಕೆ ವಾಪಸ್ ಬಂದೆ?"

"ದೂರ ಇದ್ದರೆ ಮರೀತೀನಿ ಅಂದುಕೊಂಡೆ. ಆಗಲಿಲ್ಲ. ವರ್ಷಕ್ಕೊಂದ್ಸಲನಾದ್ರೂ ನಿನ್ನ ಮುಖ ಕಾಣುತ್ತೆ ಅಂತ ಬಂದೆ. ನೀನೋ, ಆಗಸ್ಟಿನಿಂದ ಬರೀ ಜ್ವರ, ತಲೆನೋವು, ಚಿಕ್ಕಮ್ಮನ ಮದುವೆ..."

"ಅದನ್ನೆಲ್ಲಾ ಯಾರು ಹೇಳಿದ್ದು!"

"ಪ್ರುಯಿಟ್."

"ಅವನ ಲೆಕ್ಕ ನಂಬಿ ಹಾಳಾದದ್ದು ಸಾಲದಾ?" ಅಳುತ್ತಲೇ ನಕ್ಕುಬಿಟ್ಟಳು. "ಗ್ರೇಡಿ, ನಾವು ಯಾರ್ಯಾರ ಮಾತಿಂದಲೋ ಒಬ್ಬರನ್ನೊಬ್ಬರು ಅಳೆದೆವು. ಎದುರುಬದುರು ನಿಂತು ಕೇಳಲೇ ಇಲ್ಲ."

"ಈಗ ನಿಂತಿದ್ದೀವಿ."

"ನಾಳೆ ಬೆಳಿಗ್ಗೆ ಹೆಲೆನ್ ಮೇಡಂಗೆ ಹೇಳ್ತೀನಿ. ನಿಯಮದ ಕಡತ ಬೇರೆ ಯಾರಿಗಾದ್ರೂ ಕೊಡಲಿ. ಕಚೇರೀಲಿ ನನಗೆ ಇನ್ನೂ ಬೇಕಾದಷ್ಟು ಕೆಲಸ ಇದೆ."

ಗ್ರೇಡಿ ಬೆಚ್ಚಿದ. "ಕೋರಾ, ಅದು ನಿನ್ನ..."

"ನೀನು ಒಬ್ಬನೇ ತೀರ್ಮಾನ ಮಾಡಿ ಹೋಗಿದ್ದೆಯಲ್ಲ, ಅದು ತಪ್ಪು. ನಾನು ನಿನ್ನ ಮುಖ ನೋಡಿ ಹೇಳ್ತಿದ್ದೀನಿ. ಬೇಡ ಅನ್ನೋದಾದ್ರೆ ಈಗಲೇ ಅನ್ನು. ಅಕ್ಕನ ಹತ್ರ ಹೇಳಿ ಕಳಿಸಬೇಡ."

ಅವನು ಬೇಡ ಎನ್ನಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಅವಳ ತಣ್ಣನೆಯ ಕೈಗಳನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ. ಅವನ ಕೂದಲಲ್ಲಿ ಇನ್ನೂ ಕಿತ್ತಳೆ ಪಾನಕದ ವಾಸನೆ ಇತ್ತು.

"ತಲೆ ತೊಳೀಲಿಲ್ವಾ ನೀನು?"

"ರಾತ್ರಿಯೆಲ್ಲಾ ನಿನ್ನ ಆರನೇ ಸಾಲು ಓದ್ತಾ ಕೂತಿದ್ದೆ. ಬಾಯಿಪಾಠ ಆಗಿದೆ. ಹೇಳಲಾ?"

"ಬೇಡ, ನಾನೇ ಕೇಳ್ತೀನಿ." ಅವಳು ಅವನ ಎದೆಗೆ ಹಣೆ ಒರಗಿಸಿದಳು. "ಇಬ್ಬರೇ ಉಳಿದರೆ ಏನು ಮಾಡಬೇಕು, ಕೋಚ್?"

"ಮತ್ತೆ ಮೊದಲಿಂದ ಶುರು ಮಾಡಬೇಕು."

"ಹಾಗಾದ್ರೆ ಮಾಡು."

ಗ್ರೇಡಿ ಅವಳ ಗಲ್ಲ ಹಿಡಿದು ಮುಖ ಎತ್ತಿದ. ನಿನ್ನೆ ಆ ಇಕ್ಕಟ್ಟಿನ ದಾರಿಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದ.

"ಚೆನ್ನಾಗಿದ್ದೀಯಾ ಕೋರಾ?"

"ಇರಲಿಲ್ಲ," ಎಂದಳು ಅವಳು. "ಈಗ ಇದ್ದೀನಿ."