ಸಣ್ಣದ ಸಾಕು ಅಂದವನು

"ಐದನೂರು ಜಿಬೀದ ಸಾಕ್ರಿ."

ಬಸು ರೂಪಾಲಿಯ ಎದುರು ನಿಂತು ಆಡಿದ ಮೊದಲ ಮಾತು ಇದು!

ದಾದರ್ ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿ. ಹೆಣ್ಣು ನೋಡುವ ಶಾಸ್ತ್ರಕ್ಕೆ ಇಂಥ ಜಾಗ ಆರಿಸಿದವಳು ರೂಪಾಲಿಯೇ. ಎರಡೂ ಮನೆಯ ಹಿರಿಯರು ಎದುರಿನ ಉಡುಪಿ ಹೋಟೆಲಿನಲ್ಲಿ ಕೂತು, ಈಗಿನ ಹುಡುಗರನ್ನು ಬೈಯುತ್ತ ದೋಸೆ ತಿನ್ನುತ್ತಿದ್ದರು.

ರೂಪಾಲಿ ಕಾಂದಿವಲಿಯ ಮನೆಯಲ್ಲೇ ಮದುವೆ ವಿಡಿಯೋ ಎಡಿಟ್ ಮಾಡುವವಳು. ಲಗ್ನದ ನಂತರವೂ ಈ ಕೆಲಸ ನಡೆಯಬೇಕು ಎಂಬುದು ಅವಳ ಒಂದೇ ಷರತ್ತು. ಫೋನಿನಲ್ಲಿ ಬಸು "ಹೂಂ" ಎಂದಿದ್ದ. ಅವನ ಬಳಿ ಗೇಮ್ ಆಡುವ ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೊಂದು ಎಸ್‌ಎಸ್‌ಡಿ, ಅಂದರೆ ಹೊಸ ನಮೂನೆಯ ಡಿಸ್ಕ್, ಹಾಕಿಸಿದರೆ ವೇಗ ಬರುತ್ತದೆ, ಇಬ್ಬರಿಗೂ ಆಗುತ್ತದೆ, ಅರ್ಧರ್ಧ ದುಡ್ಡು ಹಾಕೋಣ ಎಂದವಳೂ ಅವಳೇ.

ಹೂಂ ಎನ್ನುವುದಕ್ಕೇನು ಖರ್ಚು? ದುಡ್ಡು ಬಿಚ್ಚುವಾಗ ಮನುಷ್ಯ ಗೊತ್ತಾಗುತ್ತಾನೆ... ಇದು ಅವಳ ಲೆಕ್ಕ.

ಅಂಗಡಿಯ ಧನರಾಜ್ ಎರಡು ಡಬ್ಬಿ ಮುಂದಿಟ್ಟ. ಬೆಲೆ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಒಂದು ಟೀಬಿ, ಅಂದರೆ ಸಾವಿರ ಜಿಬಿ ಜಾಗ, ಇನ್ನೊಂದರಲ್ಲಿ ಅದರ ಅರ್ಧ.

"ದೊಡ್ಡದ ಇರ್ಲಿ," ಎಂದಳು ರೂಪಾಲಿ. ಬಸುವಿನ ಗೇಮ್‌ಗಳೆಲ್ಲ ಅದರಲ್ಲಿ ಹಿಡಿಯುತ್ತವೆ ಎಂದು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿ ಬಂದಿದ್ದಳು. ಅದನ್ನು ಹೇಳಲು ಮಾತ್ರ ನಾಚಿಕೆ!

"ಬ್ಯಾಡ್ರಿ. ನಿಮ್ಮ ವಿಡಿಯೋ ಕೆಲಸಕ್ಕ ಸಣ್ಣದ ಸಾಕು," ಎಂದ ಬಸು.

ಸಣ್ಣದು ಸಾಕು! ರೂಪಾಲಿ ಮನಸ್ಸಿನಲ್ಲೇ ಲೆಕ್ಕ ಮುಂದುವರಿಸಿದಳು.

'ಇವತ್ತು ಅರ್ಧ ಜಾಗ. ನಾಳೆ ಮೂಲೆಯ ಸ್ಟೂಲು. ನಾಡಿದ್ದು, ಇದೆಲ್ಲ ಯಾಕ, ಅಡಿಗಿ ನೋಡು...'

"ಮತ್ತ ನಿಮ್ಮ ಗೇಮಿಗೆ?"

"ಅದು ಹೆಂಗರ ಆಗ್ತೈತಿ ಬಿಡ್ರಿ." ಅವನು ನೆಲ ನೋಡಿದ.

"ಹಂಗಾರ ಯಾವ್ದೂ ಬ್ಯಾಡ." ಅವಳು ಬ್ಯಾಗ್ ಹೆಗಲಿಗೇರಿಸಿದಳು. "ಈ ಸಂಬಂಧನೂ ಬ್ಯಾಡ!"

ಬಸು ಸಣ್ಣ ಡಬ್ಬಿಯನ್ನೇ ಅವಳತ್ತ ಸರಿಸಿದ. ಬೈಕುಲ್ಲಾದ ಗೋದಾಮಿನಲ್ಲಿ ಲೆಕ್ಕ ಬರೆಯುವ ಈ ಪ್ರಾಣಿಗೆ ಮಾತು ಅಷ್ಟಕ್ಕಷ್ಟೇ.

ತಡೆಯಲಾಗದೆ ಧನರಾಜ್ ಬಾಯಿ ಹಾಕಿದ. "ಎಂತ ಮಾರಾಯ್ರೆ ನೀವು! ಹೋದ ವಾರ ಇವರು ಇಲ್ಲೇ ಕೂತು ನನ್ನ ತಲೆ ತಿಂದಿದ್ದಾರೆ. ದೊಡ್ಡ ವಿಡಿಯೋ ಕಾಪಿ ಮಾಡುವಾಗ ಅರ್ಧದಲ್ಲಿ ಸುಸ್ತಾಗದ್ದು ಯಾವುದುಂಟು? ಅದೊಂದೇ ಪ್ರಶ್ನೆ! ಈ ದೊಡ್ಡದು ಗೇಮಿಗೆ ಸಾಕು, ಆದ್ರೆ ಮದುವೆ ವಿಡಿಯೋ ಹಾಕಿದ್ರೆ ಕೂತು ಬಿಡ್ತದೆ. ಸಣ್ಣದು ಕಡೇತನಕ ಒಂದೇ ವೇಗದಲ್ಲಿ ಓಡ್ತದೆ. ಗೇಮಿನ ಸುದ್ದಿ ಇವರು ತೆಗೀಲೇ ಇಲ್ಲ!"

ರೂಪಾಲಿಯ ಮುಖ ಕೆಂಪಾಯಿತು.

"ಬಾಯಿ ಬಿಟ್ಟು ಹೇಳಾಕ ಏನಾಗಿತ್ರಿ?"

"ಉಪಕಾರ ಮಾಡಿದಂಗ ಕಾಣ್ತೈತಿ ಅಂತ..." ಬಸು ತಡವರಿಸಿದ. "ನೀವ್ಯಾಕ ದೊಡ್ಡದು ಕೇಳಿದ್ರಿ?"

"...ನಿಮ್ಮ ಗೇಮಿಗೆ."

ಧನರಾಜ್ ತಲೆ ಕೆರೆದುಕೊಂಡ. ತಮಗೆ ಬೇಕಾದ್ದನ್ನು ಇಬ್ಬರೂ ಕೇಳದ ಗಿರಾಕಿಗಳನ್ನು ಅವನು ನೋಡಿರಲಿಲ್ಲ.

ರೂಪಾಲಿಗೆ ಬಸು ಇಷ್ಟವಾದ. ಬಹಳ ಇಷ್ಟವಾದ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ.

ಸಣ್ಣ ಡಬ್ಬಿ ಹಿಡಿದು ಇಬ್ಬರೂ ಫುಟ್‌ಪಾತಿಗೆ ಇಳಿದರು.

"ನಿಮ್ಮ ಗೇಮ್ ಎಲ್ಲಾ ಇದರಾಗ ಹಿಡಿಯಂಗಿಲ್ಲ," ಎಂದಳು.

"ಒಂದು ಹಿಡಿತೈತಿ. ಉಳದದ್ದು ಹಳೇ ಹಾರ್ಡ್‌ಡಿಸ್ಕಿನ್ಯಾಗ ಇರ್ಲಿ. ಶುರು ಆಗಾಕ ಸ್ವಲ್ಪ ತಡ ಆಗ್ತೈತಿ, ಅಷ್ಟ."

"ಅಲ್ಲೀತನಕ ಏನ್ ಮಾಡ್ತೀರಿ?"

"ನಿಮ್ಮ ಕೂಡ ಮಾತಾಡ್ತೀನ್ರಿ."

"ಮಾತು? ನೀವಾ!" ಅವಳಿಗೆ ನಗು ತಡೆಯಲಾಗಲಿಲ್ಲ.

"ಹೂಂ," ಎಂದ ಬಸು.

ಈ ಸಲ ಅವಳು ಆ ಹೂಂ ನಂಬಿದಳು.

"ಹಂಗಾರ ನಡೀರಿ... ಹಿರ್ಯಾರು ಎರಡನೇ ದೋಸಿ ಹೇಳೂದ್ರಾಗ ನಾವು ಒಪ್ಪೇವಿ ಅಂತ ಹೇಳಿಬಿಡೂಣು."